ಉಗುಳಿ ಉಳಿದದ್ದು: ಕಿಯಾಂತಿ ಜೀಪುಯಾತ್ರೆಯ ಮೀಮಾಂಸೆ

ಪೀಠಿಕಾ ಪ್ರಕರಣ

ಶಾಸ್ತ್ರಗ್ರಂಥವೊಂದನ್ನು ಶುರುಮಾಡುವ ಮೊದಲು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಹೇಳಿಬಿಡೋಣ. ವಿಷಯ: ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ, ಫ್ಲಾರೆನ್ಸಿಗೂ ಸಿಯೆನಾಗೂ ನಡುವಿನ ಕಿಯಾಂತಿ ಗುಡ್ಡಗಳಲ್ಲಿ, ಬೆಳಿಗ್ಗೆ ಜೀಪು ಹತ್ತಿ, ಡಾಂಬರು ಬಿಟ್ಟು, ಎರಡು ಮೂರು ದ್ರಾಕ್ಷಿ ತೋಟಗಳಲ್ಲಿ ವೈನಿನ ರುಚಿ ನೋಡಿ, ಸಂಜೆಗೆ ಹೋಟೆಲಿಗೆ ಮರಳುವ ಖಾಸಗಿ ಏಕದಿನ ಪ್ರವಾಸ. ಪ್ರಯೋಜನ: ಫೋಟೊ. ಸಂಬಂಧ: ಕ್ರೆಡಿಟ್ ಕಾರ್ಡಿಗೂ ಅದರ ಒಡೆಯನಿಗೂ ಇರುವಂಥದ್ದು. ಇನ್ನು ಅಧಿಕಾರಿ, ಎಂದರೆ ಈ ಶಾಸ್ತ್ರಕ್ಕೆ ಅರ್ಹನಾದವನು ಯಾರು ಎಂಬಲ್ಲಿ ಪಂಡಿತರಲ್ಲಿ ಜಗಳವಿದೆ. ಸೊಂಟ ಗಟ್ಟಿಯಿರುವವನು ಎಂದು ಒಂದು ಪಕ್ಷ, ನಾಲಗೆ ಸೂಕ್ಷ್ಮವಿರುವವನು ಎಂದು ಇನ್ನೊಂದು. ಎರಡೂ ಒಬ್ಬರಲ್ಲೇ ಕೂಡಿಬರುವುದು ಅಪರೂಪವಾದ್ದರಿಂದ ದಂಪತಿ ಸಮೇತ ಹೋಗುವ ಪದ್ಧತಿ ಹುಟ್ಟಿತೆಂದು ಊಹಿಸಲು ಅಡ್ಡಿಯಿಲ್ಲ.

ಈ ಯಾತ್ರೆಯನ್ನು ಹೊಗಳುವವರು ಅದರಲ್ಲಿ ಏನೇನಿದೆ ಎಂದು ಪಟ್ಟಿ ಕೊಡುತ್ತಾರೆ. ಪ್ರಸ್ತುತ ಪ್ರಬಂಧದ ಪ್ರತಿಜ್ಞೆಯೇ ಬೇರೆ. ಇದರ ತಿರುಳು ಏನೇನಿಲ್ಲ ಎಂಬುದರಲ್ಲಿದೆ. ಇದಲ್ಲ, ಅದಲ್ಲ ಎಂದು ಕಳೆಯುತ್ತ ಕಳೆಯುತ್ತ ಪರತತ್ತ್ವ ಮುಟ್ಟುವ ವೇದಾಂತಿಗಳ ನೇತಿಮಾರ್ಗವನ್ನು ಪ್ರವಾಸೋದ್ಯಮಕ್ಕೆ ಅನ್ವಯಿಸಿದ ಕೀರ್ತಿ ಟಸ್ಕನಿಯದು. ರಸ್ತೆಯನ್ನು ಕಳೆದು, ಉಪ್ಪನ್ನು ಕಳೆದು, ಕೊನೆಗೆ ಕುಡಿತವನ್ನೂ ಕಳೆದ ಮೇಲೆ ಉಳಿಯುವ ಶೇಷಕ್ಕೇ ಜನ ಯೂರೋ ಎಣಿಸುತ್ತಾರೆ.

ಮಾರ್ಗ ಪ್ರಕರಣ

'ಆಫ್‌ರೋಡ್' ಎಂದು ಹೇಳಿ ಹಣ ಪಡೆದ ಮೇಲೆ ರಸ್ತೆ ಇರಕೂಡದು. ಆದರೆ ಮೋಟಾರು ಗಾಡಿಗಳು ರಸ್ತೆ ಬಿಟ್ಟು ಮನಬಂದಂತೆ ನುಗ್ಗದ ಹಾಗೆ ತಡೆಯುವ ಪ್ರಾಂತೀಯ ಕಾಯ್ದೆಯೊಂದು ಟಸ್ಕನಿಯಲ್ಲಿ 1994ರಿಂದಲೇ ಇದೆ. ಹಾಗಾದರೆ ಜೀಪು ಓಡುವುದೆಲ್ಲಿ? ರಸ್ತೆಯ ಮೇಲೆ ಓಡಿಸಿದರೆ ಗಿರಾಕಿಗೆ ದ್ರೋಹ, ಬಿಟ್ಟು ಓಡಿಸಿದರೆ ಕಾನೂನಿಗೆ. ಈ ಇಕ್ಕಟ್ಟಿನಿಂದ ಪಾರುಮಾಡುವುದು 'ಸ್ತ್ರಾದೆ ಬಿಯಾಂಕೆ' ಎಂಬ ಬಿಳಿ ರಸ್ತೆಗಳು. ಸುಣ್ಣಕಲ್ಲಿನ ಜಲ್ಲಿ ಹಾಸಿದ, ಡಾಂಬರು ಕಾಣದ, ತೋಟದಿಂದ ತೋಟಕ್ಕೆ ಗುಡ್ಡ ಬಳಸಿಕೊಂಡು ಹೋಗುವ ಹಾದಿಗಳಿವು. ದಾಖಲೆಯಲ್ಲಿ ರಸ್ತೆ, ಸೊಂಟದ ಅನುಭವದಲ್ಲಿ ಅಲ್ಲ. ಹೀಗೆ ಒಂದೇ ವಸ್ತು ಏಕಕಾಲಕ್ಕೆ ಇದ್ದೂ ಇಲ್ಲದಿರುವುದನ್ನು ನಮ್ಮ ನೈಯಾಯಿಕರು ಒಪ್ಪುವುದಿಲ್ಲ. ಅವರು ಬೇಕಾದರೆ ಬಸ್ಸಿನಲ್ಲಿ ಹೋಗಲಿ.

ಡಾಂಬರಿಲ್ಲದಿರುವುದು ಬಡತನದ ಗುರುತೆಂದು ನಮ್ಮ ಕಡೆಯವರು ತಿಳಿಯಬಹುದು. ಹಾಗಲ್ಲ. ಗಾಯೊಲೆ ಎಂಬ ಊರಿನಿಂದ 1997ರಲ್ಲಿ 'ಲೆರೊಯಿಕಾ' ಎಂಬ ಹಳೆಯ ಸೈಕಲ್ಲುಗಳ ಸವಾರಿ ಆರಂಭವಾದದ್ದರ ಹಿಂದೆ ಈ ಬಿಳಿ ರಸ್ತೆಗಳು ಡಾಂಬರಿನಡಿ ಮುಚ್ಚಿಹೋಗದಂತೆ ಉಳಿಸಿಕೊಳ್ಳುವ ಆಸೆಯಿತ್ತು. 2007ರಿಂದ ವೃತ್ತಿಪರರ ಸೈಕಲ್ ರೇಸೊಂದು ಇದೇ ರಸ್ತೆಗಳಲ್ಲಿ ಧೂಳೆಬ್ಬಿಸಿ ಸಿಯೆನಾದ ನಡುಚೌಕದಲ್ಲಿ ಮುಗಿಯುತ್ತಿದೆ. ಡಾಂಬರು ಹಾಕಿಸುತ್ತೇವೆಂದು ಮತ ಕೇಳುವುದು ಒಂದು ನಾಗರಿಕತೆ, ಹಾಕಿಸದಿರಲೆಂದು ಸೈಕಲ್ ಹತ್ತುವುದು ಇನ್ನೊಂದು. ಎರಡೂ ಕಡೆ ಫಲಿತಾಂಶ ಒಂದೇ ಆಗಿರುವುದುಂಟು ಎಂಬುದನ್ನು ತೌಲನಿಕ ಅಧ್ಯಯನ ಮಾಡುವವರು ಗಮನಿಸಬೇಕು.

ವಾಹನ ಸಾಮಾನ್ಯವಾಗಿ ಹಳೆಯ ಲ್ಯಾಂಡ್ ರೋವರ್ ಡಿಫೆಂಡರ್. 1948ರಲ್ಲಿ ಆಮ್‌ಸ್ಟರ್‌ಡಾಮಿನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಗಾಡಿಯ ಸಂತಾನ ಇದು. ಆ ಹಳೆಯ ಚೌಕಾಕಾರದ ಮೈಕಟ್ಟಿನ ಕೊನೆಯ ಗಾಡಿ ಕಾರ್ಖಾನೆ ಬಿಟ್ಟದ್ದು 2016ರ ಜನವರಿಯಲ್ಲಿ. ಹಿಂದಿನ ಸೀಟುಗಳು ಎದುರುಬದುರು. ಕೊಲ್ಲೂರಿನಿಂದ ಕೊಡಚಾದ್ರಿಗೆ ಜೀಪಿನಲ್ಲಿ ಹೋದವರಿಗೆ ಈ ಭಂಗಿಯನ್ನು ವಿವರಿಸಬೇಕಾಗಿಲ್ಲ. ಇಲ್ಲೂ ಅಷ್ಟೆ: ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಾಗ ಟಸ್ಕನಿಯ ಚೆಲುವೆಲ್ಲ ಬೆನ್ನ ಹಿಂದೆ ಸರಿದುಹೋಗುತ್ತಿರುತ್ತದೆ, ಕಣ್ಣೆದುರಿಗೆ ಇಡೀ ದಿನ ಇರುವುದು ಭಾವಮೈದುನನ ಮುಖ.

ಆಫ್‌ರೋಡ್ ಸಿದ್ಧಾಂತಕ್ಕೆ ಅತ್ಯಂತ ಅಪಾಯಕಾರಿಯಾದ ಪ್ರತಿಸಾಕ್ಷ್ಯ ಎದುರಾಗುವುದು ಏರಿನ ತಿರುವುಗಳಲ್ಲಿ. ಜೀಪಿನೊಳಗಿನವರು ಹಿಡಿಕೆಗೆ ಜೋತುಬಿದ್ದು ಕುಲದೇವರನ್ನು ನೆನೆಯುತ್ತಿರುವಾಗ ಹಿಂದಿನಿಂದ ಒಂದು ಮಾಸಲು ಫಿಯಟ್ ಪಾಂಡಾ ಬರುತ್ತದೆ. 1983ರಲ್ಲಿ ಈ ಬೆಂಕಿಪೊಟ್ಟಣದಂಥ ಕಾರಿಗೆ ನಾಲ್ಕೂ ಚಕ್ರಕ್ಕೆ ಬಲ ಕೊಟ್ಟ ಮೇಲೆ ಇಟಲಿಯ ಗುಡ್ಡಗಾಡಿನ ರೈತರು ಬೇರೆ ಜೀಪಿಗೆ ಆಸೆಪಟ್ಟದ್ದು ಕಡಿಮೆ. ಹಿಂದಿನ ಸೀಟಿನಲ್ಲಿ ನಾಯಿ, ಅದರ ಪಕ್ಕ ಗೊಬ್ಬರದ ಚೀಲ. ಓಡಿಸುವ ಅಜ್ಜ ಒಂದು ಕೈ ಕಿಟಕಿಯಾಚೆ ಇಟ್ಟುಕೊಂಡು, ಹಾರ್ನ್ ಕೂಡ ಮಾಡದೆ, ನಮ್ಮ ಸಾಹಸಯಾತ್ರೆಯನ್ನು ಹಿಂದೆ ಹಾಕಿ ಹೋಗುತ್ತಾನೆ. ಅವನು ಮನೆಗೆ ಹೊರಟವನು. ಇಂಥ ಸಂದರ್ಭದಲ್ಲಿ ಯಾತ್ರಿಕರ ಗಮನವನ್ನು ದೂರದ ಯಾವುದಾದರೂ ಕೋಟೆಯ ಕಡೆ ತಿರುಗಿಸತಕ್ಕದ್ದೆಂದು ಮಾರ್ಗದರ್ಶಿಗಳಿಗೆ ವಿಧಿಯಿದೆ. ಕಿಯಾಂತಿಯಲ್ಲಿ ಕೋಟೆಗಳಿಗೆ ಬರವಿಲ್ಲ.

ಇತಿಹಾಸ ಪ್ರಕರಣ

ಈ ಪ್ರದೇಶದಲ್ಲಿ ಮೊತ್ತಮೊದಲ ಖಾಸಗಿ ಆಫ್‌ರೋಡ್ ಪ್ರವಾಸ ಯಾವುದು ಎಂಬುದರಲ್ಲಿ ಎರಡು ಮತಗಳಿವೆ.

ಒಂದು, ಕುಕ್ಕುಟ ಮತ. ಗಡಿಗಾಗಿ ಬಡಿದಾಡಿ ಸುಸ್ತಾದ ಫ್ಲಾರೆನ್ಸ್ ಮತ್ತು ಸಿಯೆನಾ ಒಂದು ಒಪ್ಪಂದಕ್ಕೆ ಬಂದವಂತೆ. ಬೆಳಗಿನ ಕೋಳಿ ಕೂಗಿದೊಡನೆ ಎರಡೂ ನಗರಗಳಿಂದ ಒಬ್ಬೊಬ್ಬ ಸವಾರ ಹೊರಡಬೇಕು, ಇಬ್ಬರೂ ಸಂಧಿಸಿದಲ್ಲಿ ಗಡಿ. ಸಿಯೆನಾದವರು ಬಿಳಿ ಹುಂಜವೊಂದನ್ನು ಹೊಟ್ಟೆ ತುಂಬ ಮೇಯಿಸಿದರು. ಫ್ಲಾರೆನ್ಸಿನವರು ಕರಿ ಹುಂಜವನ್ನು ಉಪವಾಸ ಕೆಡವಿದರು. ಹಸಿದ ಹುಂಜಕ್ಕೆ ನಿದ್ದೆ ಎಲ್ಲಿಯದು? ನಡುರಾತ್ರಿಯೇ ಕೂಗಿತು. ಫ್ಲಾರೆನ್ಸಿನ ಸವಾರ ಸಿಯೆನಾದ ಬಾಗಿಲಿಗೆ ಹತ್ತಿರವಿರುವ ಫೊಂತೆರೂತೊಲಿಯವರೆಗೆ ಬಂದುಬಿಟ್ಟಿದ್ದ, ಹೀಗಾಗಿ ಹೆಚ್ಚುಕಡಿಮೆ ಇಡೀ ಕಿಯಾಂತಿ ಅವನ ಪಾಲಾಯಿತು. ಕಥೆ ನಿಜವೋ ಸುಳ್ಳೋ, ಫ್ಲಾರೆನ್ಸಿನ ಹಳೆಯ ಅರಮನೆಯ ಚಾವಣಿಯಲ್ಲಿ ಕಲಾವಿದ ವಸಾರಿ ಕಿಯಾಂತಿಯನ್ನು ಚಿತ್ರಿಸುವಾಗ ಕರಿ ಹುಂಜವನ್ನು ಬರೆದ. 1924ರಲ್ಲಿ ಬೆಳೆಗಾರರ ಸಂಘ ಅದನ್ನೇ ಮುದ್ರೆಯಾಗಿ ಇಟ್ಟುಕೊಂಡಿತು, ಇವತ್ತಿಗೂ 'ಕಿಯಾಂತಿ ಕ್ಲಾಸಿಕೊ' ಬಾಟಲಿಯ ಮೇಲೆ ಅದು ಇರುತ್ತದೆ. ಹುಂಜಕ್ಕೆ ಆಮೇಲಾದರೂ ಊಟ ಹಾಕಿದರೇ ಎಂಬ ಬಗ್ಗೆ ಕಥೆ ಮೌನವಾಗಿದೆ.

ಎರಡು, ದಾಂಪತ್ಯ ಮತ. ಬೆತ್ತಿನೊ ರಿಕಾಸೊಲಿ ಎಂಬ ಜಹಗೀರುದಾರ, ಮುಂದೆ 1861ರಲ್ಲಿ ಇಟಲಿಯ ಎರಡನೆಯ ಪ್ರಧಾನಿಯಾದವನು. ಕಬ್ಬಿಣದ ಬ್ಯಾರನ್ ಎಂದು ಹೆಸರು. ಫ್ಲಾರೆನ್ಸಿನ ನೃತ್ಯಕೂಟವೊಂದರಲ್ಲಿ ತನ್ನ ಎಳೆಯ ಹೆಂಡತಿಯೊಂದಿಗೆ ಯಾರೋ ತುಸು ಅತಿಯಾಗಿಯೇ ಕುಣಿದದ್ದನ್ನು ಕಂಡು, ಅಲ್ಲಿಂದಲೇ ಅವಳನ್ನು ಸಾರೋಟಿಗೆ ಹತ್ತಿಸಿ, ಇಡೀ ರಾತ್ರಿ ಹಿಮದಲ್ಲಿ ಓಡಿಸಿಕೊಂಡು ಬ್ರೋಲಿಯೊ ಕೋಟೆಗೆ ಕರೆತಂದನೆಂದು ಕಥೆ. ಖಾಸಗಿ, ಆಫ್‌ರೋಡ್, ವೈನ್ ತೋಟಕ್ಕೆ: ಲಕ್ಷಣಗಳೆಲ್ಲ ಹೊಂದುತ್ತವೆ. ಪಾಪ, ಆಕೆಯ ಅಭಿಪ್ರಾಯ ಯಾರೂ ಕೇಳಿದಂತಿಲ್ಲ.

ಕೋಟೆಯಲ್ಲಿ ಕೂತವನಿಗೆ ಮಾಡಲು ಕೆಲಸ ಬೇಕಲ್ಲ. ಅವನು ದ್ರಾಕ್ಷಿಯ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿದ. 1872ರಲ್ಲಿ ಪೀಸಾದ ಪ್ರಾಧ್ಯಾಪಕರೊಬ್ಬರಿಗೆ ಬರೆದ ಪತ್ರದಲ್ಲಿ ಸೂತ್ರ ಕೊಟ್ಟ: ಕಂಪು ಮತ್ತು ಕಸುವಿಗೆ ಸಾಂಜೊವೇಸೆ ಎಂಬ ಕೆಂಪು ದ್ರಾಕ್ಷಿ, ಅದರ ಗಡಸು ಇಳಿಸಲು ಕನಾಯೊಲೊ, ಬೇಗ ಕುಡಿದು ಮುಗಿಸುವ ವೈನಾದರೆ ಮಾಲ್ವಾಸಿಯಾ ಎಂಬ ಬಿಳಿ ದ್ರಾಕ್ಷಿ ಸ್ವಲ್ಪ. ಇಲ್ಲಿಂದ ಮುಂದಿನದು ಅಪ್ಪಟ ಮೀಮಾಂಸೆ. ಮೂಲಸೂತ್ರದಲ್ಲಿ ಐಚ್ಛಿಕವಾಗಿದ್ದ ಬಿಳಿ ದ್ರಾಕ್ಷಿಯನ್ನು ಕಿಯಾಂತಿ ವೈನಿನ 1967ರ ನಿಯಮಾವಳಿ ವಿಧಿಯಾಗಿಸಿತು, ಕೆಂಪು ವೈನಿಗೆ ಬಿಳಿ ಹಾಕಲೇಬೇಕು ಎಂದಿತು. ಬೆಳೆಗಾರರಲ್ಲಿ ಕೆಲವರು ಸಿಟ್ಟಾಗಿ ನಿಯಮದ ಹೊರಗೇ ನಿಂತು ಇನ್ನೂ ದುಬಾರಿ ವೈನ್ ಮಾಡಿ ಮಾರಿದರು. 2006ರ ಕೊಯ್ಲಿನಿಂದ ಕಿಯಾಂತಿ ಕ್ಲಾಸಿಕೊದಲ್ಲಿ ಅದೇ ಬಿಳಿ ದ್ರಾಕ್ಷಿ ನಿಷೇಧವಾಯಿತು, ಸಾಂಜೊವೇಸೆ ಕನಿಷ್ಠ ಶೇ. 80 ಇರಬೇಕೆಂದಾಯಿತು. ಐಚ್ಛಿಕ, ವಿಧಿ, ನಿಷೇಧ ಮೂರೂ ಅವಸ್ಥೆಗಳನ್ನು ಕಂಡ ಹಣ್ಣು ಮಾಲ್ವಾಸಿಯಾ. ಜೈಮಿನಿ ಮಹರ್ಷಿಗೂ ಇಷ್ಟು ಚೊಕ್ಕ ಉದಾಹರಣೆ ಸಿಕ್ಕಿರಲಾರದು.

ಖಾಸಗಿತನ ಪ್ರಕರಣ

ಅಪರಿಚಿತರಿಲ್ಲ. ಆದ್ದರಿಂದ ಮನೆಯವರ ಬಗ್ಗೆ ಹೇಳಿಕೊಳ್ಳಲು ಯಾರೂ ಇಲ್ಲ.

ರಸ ಪ್ರಕರಣ

ತೋಟ ತಲಪಿದೊಡನೆ ವೈನ್ ಕೊಡುವುದಿಲ್ಲ, ಕಲ್ಲು ಕೊಡುತ್ತಾರೆ. ಬಳ್ಳಿಯ ಬುಡದಿಂದ ಒಂದು ಹೆಂಟೆ ಎತ್ತಿ ಕೈಗಿಡುತ್ತಾರೆ. ಅದು ಗಾಲೆಸ್ತ್ರೊ: ಪದರ ಪದರವಾಗಿ, ಬೆರಳಲ್ಲಿ ಒತ್ತಿದರೆ ಚಿಪ್ಪುಚಿಪ್ಪಾಗಿ ಉದುರುವ ಬೂದುಬಣ್ಣದ ಕಲ್ಲು. ಒತ್ತಿದರೂ ಒಡೆಯದೆ ಗಟ್ಟಿಯಾಗಿ ಬೆಳ್ಳಗಿದ್ದರೆ ಅದು ಅಲ್ಬೆರೇಸೆ, ಸುಣ್ಣಕಲ್ಲು. ನೀರು ನಿಲ್ಲದ ಈ ಬಡ ನೆಲದಲ್ಲಿ ಬೇರು ಆಳಕ್ಕಿಳಿದು ಕಷ್ಟಪಡುತ್ತದೆ, ಕಷ್ಟಪಟ್ಟ ಬಳ್ಳಿ ಕಡಿಮೆ ಹಣ್ಣು ಬಿಟ್ಟು ಅದರಲ್ಲೇ ಸತ್ವ ತುಂಬುತ್ತದೆ. ಕಲ್ಲು ಹಿಡಿದವರೆಲ್ಲ ತಲೆಯಾಡಿಸಬೇಕು. ಆಮೇಲೆ ಕೈ ತೊಳೆಯಲು ನಲ್ಲಿ ಎಲ್ಲಿದೆ ಎಂದು ಕೇಳುವುದು ಅಧಿಕಾರಭ್ರಷ್ಟತೆಯ ಲಕ್ಷಣ.

ನಂತರ ಲೋಟ. ಕಾಂಡ ಹಿಡಿಯಬೇಕು, ಹೊಟ್ಟೆ ಹಿಡಿಯಬಾರದು. ಬಿಳಿ ಕಾಗದದ ಮೇಲೆ ವಾರೆ ಮಾಡಿ ಅಂಚಿನ ಬಣ್ಣ ನೋಡಬೇಕು: ಎಳೆಯದು ಮಾಣಿಕ್ಯದ ಹಾಗೆ, ವಯಸ್ಸಾದದ್ದು ಇಟ್ಟಿಗೆಯ ಕಡೆಗೆ. ತಿರುವಬೇಕು, ಮೂಸಬೇಕು, ಗುಟುಕು ತೆಗೆದು ತುಟಿ ಸಂದಿನಿಂದ ಗಾಳಿ ಎಳೆದು ಸೊರಸೊರ ಶಬ್ದ ಮಾಡಬೇಕು. ಬಾಲ್ಯದಲ್ಲಿ ಸಾರು ಸೊರಗುಟ್ಟಿದ್ದಕ್ಕೆ ತಲೆಗೆ ಮೊಟಕಿಸಿಕೊಂಡವರಿಗೆ ಈ ಘಟ್ಟ ಒಂದು ಬಗೆಯ ನ್ಯಾಯವೆನಿಸುತ್ತದೆ. ಬಳಿಕ ಏನು ಕಂಡಿತೆಂದು ವರದಿ ಒಪ್ಪಿಸಬೇಕು. ಚೆರಿ, ವಯೊಲೆಟ್ ಹೂ, ತಂಬಾಕು, ಚರ್ಮ ಇವಕ್ಕೆ ಅನುಮತಿಯಿದೆ. ದ್ರಾಕ್ಷಿ ಎಂದವನನ್ನು ಕರುಣೆಯಿಂದ ನೋಡುತ್ತಾರೆ. ವಯೊಲೆಟ್ ಮೂಸಿ ಗೊತ್ತಿಲ್ಲದ ಕನ್ನಡ ಯಾತ್ರಿಕ ಷಡ್ರಸಗಳ ಮೊರೆ ಹೋಗುವುದು ಲೇಸು. ಸಾಂಜೊವೇಸೆಯಲ್ಲಿ ಹುಳಿ ಮತ್ತು ಒಗರು ಮುಂದೆ ನಿಲ್ಲುತ್ತವೆ. ನೇರಳೆ ಹಣ್ಣು ತಿಂದ ನಾಲಗೆ ಒಣಗಿ ಅಂಟಿದಂತಾಗುತ್ತದಲ್ಲ, ಅದನ್ನು ಹಾಗೆಯೇ ಹೇಳಿದರೆ ಸಾಕು. ಮಾರ್ಗದರ್ಶಿ ಬರೆದುಕೊಂಡರೂ ಬರೆದುಕೊಂಡಾನು.

ನಿಷ್ಠೀವನ ಪ್ರಕರಣ

ಈಗ ಗ್ರಂಥದ ಹೃದಯಕ್ಕೆ ಬಂದೆವು. ಬಾಯಲ್ಲಿರುವುದನ್ನು ನುಂಗಬೇಕೆ, ಉಗುಳಬೇಕೆ? ಬಲ್ಲವರು ಉಗುಳುತ್ತಾರೆ. ಅದಕ್ಕೆಂದೇ ಮೇಜಿನ ಮೇಲೆ ಪೀಕದಾನಿ ಇರುತ್ತದೆ. ಎಲೆಯಡಿಕೆಯ ಪರಂಪರೆಯಿಂದ ಬಂದ ನಮಗೆ ಗುರಿ, ದೂರ, ಧಾರೆ ಮೂರರಲ್ಲೂ ಜನ್ಮಸಿದ್ಧ ಮೇಲುಗೈ ಇರಬೇಕಾಗಿತ್ತು. ಆದರೆ ನಾವೇ ಹಿಂಜರಿಯುತ್ತೇವೆ. ದುಡ್ಡು ಕೊಟ್ಟು ಬಾಯಿಗೆ ಹಾಕಿಕೊಂಡದ್ದನ್ನು ಉಗುಳುವುದು ಯಾವ ಧರ್ಮಶಾಸ್ತ್ರದಲ್ಲಿದೆ?

ಯಾರೂ ನುಂಗಿದೆವೆಂದು ಒಪ್ಪಿಕೊಳ್ಳುವುದಿಲ್ಲವಾದ್ದರಿಂದ ಅರ್ಥಾಪತ್ತಿ ಪ್ರಮಾಣ ಬಳಸಬೇಕಾಗುತ್ತದೆ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಾನೆಂದು ತಿಳಿಯಬೇಕು. ಲೋಟಗಳು ಬರಿದಾಗಿ ಪೀಕದಾನಿ ಒಣಗಿದ್ದರೆ? ಲೆಕ್ಕವೂ ಇದನ್ನೇ ಹೇಳುತ್ತದೆ. ಒಂದು ಸುತ್ತಿಗೆ ಸುಮಾರು 50 ಮಿಲಿಲೀಟರ್ ಹಿಡಿಯಿರಿ, ಐದು ಬಗೆ, ಎರಡು ತೋಟ: ಅರ್ಧ ಲೀಟರಾಯಿತು. ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಮತ್ತೆ ಬಿಳಿ ರಸ್ತೆಗೆ ಇಳಿಯುವುದು. ಮಧ್ಯಾಹ್ನದ ಮೇಲೆ ರಸ್ತೆ ಬೆಳಗಿನದಕ್ಕಿಂತ ನುಣುಪಾಗಿತ್ತೆಂದು ಎಲ್ಲರೂ ಸಾಕ್ಷಿ ನುಡಿಯುತ್ತಾರೆ.

ಉಗುಳದ ಇನ್ನೊಂದು ಜೀವಿ ಕಾಡುಹಂದಿ. ಕಿಯಾಂತಿಯಲ್ಲಿ ದ್ರಾಕ್ಷಿಗಿಂತ ಕಾಡೇ ಹೆಚ್ಚು, ಕಾಡಿನ ತುಂಬ ಹಂದಿ. ಕೊಯ್ಲು ಹತ್ತಿರವಾದಾಗ ನುಗ್ಗಿ ಮಾಗಿದ ಗೊಂಚಲನ್ನೇ ಆರಿಸಿ ತಿನ್ನುತ್ತವೆ, ಅದಕ್ಕೇ ತೋಟದ ಸುತ್ತ ವಿದ್ಯುತ್ ತಂತಿ. ವರದಿ ಒಪ್ಪಿಸುವುದಿಲ್ಲ ಎನ್ನುವುದನ್ನು ಬಿಟ್ಟರೆ ರಸಜ್ಞತೆಯಲ್ಲಿ ಅವು ಕಡಿಮೆಯಿಲ್ಲ.

ಅನ್ನ ಪ್ರಕರಣ

ಟಸ್ಕನಿಯ ರೊಟ್ಟಿಗೆ ಉಪ್ಪು ಹಾಕುವುದಿಲ್ಲ. ಹಿಂದೆ ಪೀಸಾದವರು ಉಪ್ಪಿನ ದಾರಿ ಕಟ್ಟಿದ್ದರಿಂದ ಹೀಗಾಯಿತೆಂದು ಕಥೆ ಹೇಳುತ್ತಾರೆ. ಪಕ್ಕದಲ್ಲಿಡುವ ಪೆಕೊರಿನೊ ಗಿಣ್ಣು, ಒಣಮಾಂಸ ಉಪ್ಪಾಗಿರುವುದರಿಂದ ಸರಿಹೋಗುತ್ತದೆಂದು ಸಮಾಧಾನ. ಮಾಂಸ ತಿನ್ನದವರು ಗಿಣ್ಣಿಗೆ ಕೈ ಹಾಕುವ ಮೊದಲು ಹಾಲು ಒಡೆಸಲು ಕರುವಿನ ಜಠರದ ರಸ ಬಳಸಿದ್ದಾರೆಯೇ ಎಂದು ಕೇಳಿ. ಬಳಸುವುದೇ ಹೆಚ್ಚು. ಬೀನ್ಸ್ ಕಾಳು, ಎಲೆಕೋಸಿನ ಜಾತಿಯ ಕಪ್ಪು ಸೊಪ್ಪು, ಹಳೆಯ ರೊಟ್ಟಿ ಹಾಕಿ ಕುದಿಸುವ ರಿಬೊಲ್ಲೀತಾ ಸಿಕ್ಕರೆ ಬದುಕಿದಿರಿ. ಅಂದಹಾಗೆ ಲ್ಯಾಂಡ್ ರೋವರ್ ಕಂಪನಿಯನ್ನು 2008ರಲ್ಲಿ ಕೊಂಡದ್ದು ಟಾಟಾ ಮೋಟಾರ್ಸ್. ನಮ್ಮ ಮನೆಮನೆಗೆ ಉಪ್ಪು ಕೊಟ್ಟ ಹೆಸರಿನವರ ಗಾಡಿಯಲ್ಲಿ ಕೂತು ಉಪ್ಪಿಲ್ಲದ ರೊಟ್ಟಿ ತಿನ್ನಲು ಹೋಗುವುದನ್ನು ಕರ್ಮಸಿದ್ಧಾಂತದಿಂದಲೇ ವಿವರಿಸಬೇಕು.

ನಿರ್ಣಯ

ಎಲ್ಲ ಕಳೆದ ಮೇಲೆ ಜೀಪಿನಲ್ಲಿ ಉಳಿಯುವವನು ಒಬ್ಬನೇ, ಚಾಲಕ. ನೋಟ ಅವನಿಗೆ ಹಳೆಯದು, ಕಲ್ಲು ಹಳೆಯದು, ಹುಂಜದ ಕಥೆ ಇನ್ನೂ ಹಳೆಯದು. ಉಗುಳುವ ಚಿಂತೆಯೂ ಅವನಿಗಿಲ್ಲ, ಏಕೆಂದರೆ ಮೊದಲಿಗೇ ಬಾಯಿಗೆ ಹಾಕಿಕೊಂಡಿರುವುದಿಲ್ಲ. ಇಟಲಿಯಲ್ಲಿ ಗಾಡಿ ಓಡಿಸುವವರ ರಕ್ತದಲ್ಲಿ ಲೀಟರಿಗೆ ಅರ್ಧ ಗ್ರಾಂಗಿಂತ ಹೆಚ್ಚು ಮದ್ಯಸಾರ ಇರುವಂತಿಲ್ಲ, ಬಾಡಿಗೆಗೆ ಜನರನ್ನು ಒಯ್ಯುವವರಿಗಂತೂ ಸೊನ್ನೆ. ದಿನವಿಡೀ ದ್ರಾಕ್ಷಾರಸದ ನಡುವೆಯೇ ಇದ್ದು ಅಂಟಿಸಿಕೊಳ್ಳದ ಸ್ಥಿತಪ್ರಜ್ಞ ಅವನು. ನೀವು ಮಾತ್ರ ಅಲ್ಲಿ ಹೋದಾಗ ಕೆಂಪು ವೈನುಗಳನ್ನು ಬೇಕಾದರೆ ಉಗುಳಿ, ಕೊನೆಗೆ ಬಾದಾಮಿ ಬಿಸ್ಕತ್ತಿನ ಜೊತೆ ವಿನ್ ಸಾಂತೊ ಕೊಟ್ಟರೆ ನುಂಗಿ. ದ್ರಾಕ್ಷಿಯನ್ನು ತಿಂಗಳುಗಟ್ಟಲೆ ಒಣಗಿಸಿ, ಪುಟ್ಟ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಟ್ಟು ಮಾಡಿದ ಸಿಹಿ ವೈನ್ ಅದು, ಉಗುಳಿದರೆ ಪಾಪ ಬರುತ್ತದೆ. ಸಂಜೆ ಇಳಿಯುವಾಗ ಚಾಲಕನ ಕೈಗೆ ಹತ್ತಿಪ್ಪತ್ತು ಯೂರೋ ಹೆಚ್ಚಿಗೆ ಇಡಲು ಮರೆಯಬೇಡಿ.