ವಿಕ್ಟೋರಿಯಾ ರಾಣಿಯೂ ನಮ್ಮಮ್ಮನೂ

ವೈಟ್‌ಫೀಲ್ಡಿನ ನಮಗೆ ಬೆಂಗಳೂರು ದೂರದ ಊರು. 2023ರ ಅಕ್ಟೋಬರಿನಲ್ಲಿ ಮೆಟ್ರೊ ನೇರಳೆ ಮಾರ್ಗ ಪೂರ್ತಿಯಾಗುವವರೆಗೂ, ಕೆ.ಆರ್. ಪುರ ದಾಟಿ ಪೇಟೆ ನೋಡಿ ಬಂದವರನ್ನು ಕಾಶಿಗೆ ಹೋಗಿಬಂದವರಂತೆ ಕಾಣುತ್ತಿದ್ದೆವು. ಈಗ ಕಾಡುಗೋಡಿಯಲ್ಲಿ ಹತ್ತಿದರೆ ಸೀದಾ ಕಬ್ಬನ್ ಪಾರ್ಕಿನಲ್ಲಿ ಇಳಿಯಬಹುದು. ಹಾಸನದಿಂದ ಬಂದಿದ್ದ ಅಮ್ಮನನ್ನು ಒಂದು ಭಾನುವಾರ ಹೊರಡಿಸಿದೆ. ಸುಮಾರು ಮುನ್ನೂರು ಎಕರೆ ಪಾರ್ಕು. ಪ್ಲಾನಿಲ್ಲದೆ ನುಗ್ಗುವುದು ನಮ್ಮ ಜಾಯಮಾನವಲ್ಲ. ನೋಡುವ ಜಾಗಗಳನ್ನೆಲ್ಲ ಎಕ್ಸೆಲ್‌ಗೆ ಹಾಕಿ, ತಲಾ ಹದಿನೈದು ನಿಮಿಷ ಗೊತ್ತುಮಾಡಿದ್ದೆ.

ಗೇಟಿನ ಬಳಿ ಅಮ್ಮ ಸೆರಗು ಸರಿಮಾಡಿಕೊಂಡು, ಪರ್ಸಿನಿಂದ ಆಧಾರ್ ಕಾರ್ಡು ತೆಗೆದಳು. ನಮ್ಮ ಅಪಾರ್ಟ್‌ಮೆಂಟ್ ಕಲಿಸಿದ ಅಭ್ಯಾಸ.

"ಇಲ್ಲಿ ಯಾರೂ ಕೇಳಲ್ಲಮ್ಮ."

"ಇಷ್ಟು ದೊಡ್ಡ ತೋಟಕ್ಕೆ ಕೇಳೋರೇ ಇಲ್ವೇನೋ!"

ಕೆಂಪು ಅಠಾರ ಕಚೇರಿ, ಅಂದರೆ ಈಗಿನ ಹೈಕೋರ್ಟು ಬಂತು. "ಹಿಂದೆ ಹದಿನೆಂಟು ಇಲಾಖೆ ಇದರೊಳಗೇ ಇದ್ವಂತೆ" ಎಂದೆ.

"ನಿಮ್ಮ ಕಂಪನಿಗೆ ಎಷ್ಟೋ ಕಟ್ಟಡ?"

"ಆರು ಬ್ಲಾಕು."

"ಆಫೀಸು?"

"ಒಂದೇ."

ಅಮ್ಮ ಏನೂ ಹೇಳದೆ ಮುಂದೆ ನಡೆದಳು.

ಹೈಕೋರ್ಟಿನ ಮುಂದಿದ್ದ ಕಬ್ಬನ್ ಸಾಹೇಬರ ಪ್ರತಿಮೆಯನ್ನು 2020ರಲ್ಲಿ ಪಾರ್ಕಿನೊಳಕ್ಕೆ ತಂದರು. ಊರೆಲ್ಲ ವರ್ಕ್ ಫ್ರಮ್ ಹೋಮ್ ಮಾಡಿದ ವರ್ಷ ಸಾಹೇಬರೂ ಕುದುರೆ ಸಮೇತ ಮನೆ ಸೇರಿದರು. ಆದರೆ ಈ ಮನೆ ಅವರು ಕಟ್ಟಿದ್ದಲ್ಲ. ಅವರು ತೀರಿಕೊಂಡದ್ದು 1861ರಲ್ಲಿ, ಪಾರ್ಕು ಆದದ್ದು 1870ರಲ್ಲಿ. ರೂಪಿಸಿದವರು ಮೈಸೂರಿನ ಮುಖ್ಯ ಇಂಜಿನಿಯರ್ ಸ್ಯಾಂಕಿ, ಮೊದಲು ಇಟ್ಟ ಹೆಸರು ಕಮಿಷನರ್ ಮೀಡ್ ಅವರದು, 1927ರಿಂದ ಸರ್ಕಾರಿ ಕಾಗದದಲ್ಲಿ ಇರುವುದು ಚಾಮರಾಜೇಂದ್ರ ಒಡೆಯರದು.

"ಗೇಯ್ದವನೊಬ್ಬ, ಹೆಸರು ಇನ್ನೊಬ್ಬನಿಗೆ" ಎಂದು ಅಮ್ಮ ಲೊಚಗುಟ್ಟಿದಳು. ಆಗಷ್ಟೇ ಅಪ್ರೈಸಲ್ ಮುಗಿಸಿದ್ದ ನನಗೆ ಸ್ಯಾಂಕಿಯವರ ಮೇಲೆ ಕಕ್ಕುಲಾತಿ ಉಕ್ಕಿತು. ಅವರಿಗಾದರೂ ಮಲ್ಲೇಶ್ವರದ ಪಕ್ಕ ಒಂದು ಕೆರೆ ಸಿಕ್ಕಿದೆ. ನನಗೆ ಸಿಕ್ಕಿದ್ದು 'ಮೀಟ್ಸ್ ಎಕ್ಸ್‌ಪೆಕ್ಟೇಶನ್ಸ್' ಎಂಬ ಒಂದು ಸಾಲು.

ಬಾಲಭವನದ ಪುಟಾಣಿ ರೈಲಿನ ಮಾತು ಬಂದಾಗ, "ಪುಟ್ಟನ್ನ ಕರ್ಕೊಂಡು ಬರಬೇಕಿತ್ತು" ಎಂದಳು. ನನ್ನ ಮಗ ಪುಟ್ಟನಿಗೆ ಭಾನುವಾರವೂ ಕೋಡಿಂಗ್ ಕ್ಲಾಸು. ಅಮ್ಮ ಬಿದಿರುಮೆಳೆಯ ನೆರಳು ಕಂಡು, ಚಪ್ಪಲಿ ಬಿಟ್ಟು ಕಲ್ಲುಬೆಂಚಿನ ಮೇಲೆ ಕಾಲು ಚಾಚಿದವಳು ಮತ್ತೆ ಏಳಲೊಲ್ಲಳು. 1915ರ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಗ್ರಂಥಾಲಯ, ಮ್ಯೂಸಿಯಂ, ವೆಂಕಟಪ್ಪ ಗ್ಯಾಲರಿ ಎಲ್ಲವೂ ನನ್ನ ಪಟ್ಟಿಯಲ್ಲೇ ಉಳಿದವು. ಪಕ್ಕದಲ್ಲಿ ಕೂತಿದ್ದ ತುಮಕೂರಿನ ಅಜ್ಜಿಯೊಬ್ಬರ ಮಂಡಿನೋವಿನ ಸಂಪೂರ್ಣ ಚರಿತ್ರೆ ಮಾತ್ರ ತಿಳಿಯಿತು.

ವಾಪಸು ಹೊರಟಾಗ ಅಮೃತಶಿಲೆಯ ವಿಕ್ಟೋರಿಯಾ ರಾಣಿ ಎದುರಾದಳು. ಅಮ್ಮ ಕತ್ತೆತ್ತಿ ನೋಡಿದಳು.

"ಪಾಪ, ಒಬ್ಬಳೇ ನಿಂತಿದ್ದಾಳಲ್ಲೋ. ಮಕ್ಕಳಿಲ್ವಾ?"

"ಮಗ ಏಳನೇ ಎಡ್ವರ್ಡ್. ಅವನ ಪ್ರತಿಮೆಯೂ ಇದೆ, ಆಚೆ ಕಡೆ. 1919ರಲ್ಲಿ ನಿಲ್ಲಿಸಿದ್ದು."

"ಒಂದೇ ಊರಲ್ಲಿದ್ದೂ ತಾಯಿ ಒಂದು ಕಡೆ, ಮಗ ಒಂದು ಕಡೆ?"

ಮಾತು ಎಲ್ಲಿಗೆ ಹೊರಟಿದೆಯೆಂದು ಗೊತ್ತಾಗಿ, ಇತಿಹಾಸಕ್ಕೆ ತಿರುಗಿಸಲು ನೋಡಿದೆ. "ಈ ಪ್ರತಿಮೆ ಅನಾವರಣ ಆಗಿದ್ದು 1906ರಲ್ಲಿ. ಮಾಡಿದವನು ಅವಳ ಮೊಮ್ಮಗ, ಆಮೇಲೆ ಐದನೇ ಜಾರ್ಜ್ ಆದವನು. ಇಂಗ್ಲೆಂಡಿನಿಂದ ಬಂದಿದ್ದ."

"ಹಡಗಿನಲ್ಲಿ?"

"ಹೌದು."

"ಸದ್ಯ, ಅಜ್ಜಿಗೋಸ್ಕರ ಅಷ್ಟು ದೂರ ಬಂದನಲ್ಲ. ಆ ಮಗುಗೆ ಕ್ಲಾಸು ಇರಲಿಲ್ಲ ಅಂತ ಕಾಣುತ್ತೆ."