ಅದು ಹಟ್ಟಿ ಚಿನ್ನ ಅಲ್ರಿ, ನನ್ನ ಹಿತ್ತಾಳಿ!

ಈ ಸಂದರ್ಶನವನ್ನು ಗೋಣಿಚೀಲದ ಮೇಲೆ ಅಂಗಾತ ಮಲಗಿ ನಡೆಸಬೇಕಾಯಿತು. ಸಂದರ್ಶನ ಕೊಟ್ಟವರು ಸಿಂಧನೂರಿನ ಮನೆಯೊಂದರ ಅಂಗಳದಲ್ಲಿ ನಿಂತಿರುವ ಸೆಕೆಂಡ್ ಹ್ಯಾಂಡ್ ಕಾರಿನ ಗೇರ್‌ಬಾಕ್ಸ್. ಮುಂದಕ್ಕೆ ಐದು, ಹಿಂದಕ್ಕೆ ಒಂದು. ಮಾಲೀಕರು ಭತ್ತದ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ವಸೂಲಿಗೆಂದು ಮಸ್ಕಿ ಹಾಯ್ದು ಲಿಂಗಸುಗೂರಿಗೆ ಆಗಾಗ ಹೋಗಿಬರುತ್ತಾರೆ. ಕಳೆದ ಭಾನುವಾರ ಅವರು ಮೊಬೈಲ್‌ನಲ್ಲಿ ವಿಡಿಯೊ ನೋಡಿಕೊಂಡು, ಮನೆಯಲ್ಲೇ ಗೇರ್ ಆಯಿಲ್ ಬದಲಾಯಿಸಿದರು. ಅಂದಿನಿಂದ ಓಣಿಯವರೆಲ್ಲ ಡಾಕ್ಟರನ್ನು ಮಾತಾಡಿಸಿ ಹೊಗಳುತ್ತಿದ್ದಾರೆ. ರೋಗಿಯನ್ನು ಯಾರೂ ಕೇಳಿರಲಿಲ್ಲ.

ಈಗ ಆರೋಗ್ಯ ಹೇಗಿದೆ?

ಆರಾಮ ಅದೀನ್ರಿ. ಎರಡನೇ ಗೇರು ಮುಂಜಾನೆ ಮುನಿಸ್ಕೊಳ್ಳೋದು ಬಿಟ್ಟೈತಿ. ಮೊದಲು ಮಸ್ಕಿ ದಾಟೋತನಕ ಅದು ಯಾರ ಮಾತೂ ಕೇಳ್ತಿರಲಿಲ್ಲ.

ಇಷ್ಟು ವರ್ಷ ಯಾರೂ ಎಣ್ಣೆ ಬದಲಿಸಿರಲಿಲ್ಲವೇ?

ಎಂಜಿನ್ನಿಗೆ ಬದ್ಲಿಸಿದ್ರು. ಅದಕ್ಕ ತಾರೀಖು ಬರ್ದ ಚೀಟಿ ಗಾಜಿಗೆ ಅಂಟಿಸ್ತಾರ, ಡ್ಯಾಶ್‌ಬೋರ್ಡಿನ್ಯಾಗ ಕೆಂಪು ದೀಪ ಕೊಟ್ಟಾರ. ನನಗ ದೀಪನೂ ಇಲ್ಲ, ಚೀಟಿನೂ ಇಲ್ಲ. ನಮ್ಮ ಮಾಲಕ್ರು ಇಪ್ಪತ್ತು ವರ್ಷ ಬೈಕ್ ಓಡಿಸಿದವ್ರು. ಬೈಕಿನ್ಯಾಗ ಎಂಜಿನ್ನಿಗೂ ಗೇರಿಗೂ ಒಂದೇ ಎಣ್ಣಿ, ಒಂದೇ ಅಡಿಗಿಮನಿ. ಇಲ್ಲೂ ಹಂಗ ಇರಬೇಕು, ಎಂಜಿನ್ನಿಗೆ ಬಡಿಸಿದ್ದು ನನಗೂ ಮುಟ್ಟತೈತಿ ಅಂತ ತಿಳ್ಕೊಂಡಿದ್ರು. ಕಾರಿನ್ಯಾಗ ನಂದು ಬ್ಯಾರೆ ಮನಿ ಅಂತ ಅವರಿಗೆ ಯಾರು ಹೇಳ್ಬೇಕು? ಮೊದಲಿನ ಮಾಲಕ ಇನ್ನೂ ಶಾಣ್ಯಾ. ‘ಗೇರ್ ಆಯಿಲ್ ಜೀವನಪೂರ್ತಿ ಬರ್ತೈತಿ’ ಅಂದ. ಅವನ ಮಾತು ಸುಳ್ಳಲ್ರಿ. ಎಣ್ಣಿ ಜೀವನಪೂರ್ತಿ ಬರ್ತೈತಿ, ಗೇರ್‌ಬಾಕ್ಸಿನ ಜೀವನ ಎಲ್ಲಿತನಕ ಬರ್ತೈತಿ ಅನ್ನೋದಷ್ಟ ಪ್ರಶ್ನೆ.

ನಿಮ್ಮ ಕೆಲಸವನ್ನು ಓದುಗರಿಗೆ ಸ್ವಲ್ಪ ವಿವರಿಸುತ್ತೀರಾ?

ರಾಯಚೂರು ಜಿಲ್ಲೆಯವರಿಗೆ ಇದನ್ನ ಹೇಳಿಕೊಡೂದು ಬ್ಯಾಡ. ಎಂಜಿನ್ನು ವಿಜಯನಗರ, ಚಕ್ರ ಬಹಮನಿ, ನಾನು ನಡುವ ಕೃಷ್ಣಾ-ತುಂಗಭದ್ರಾ ದೋಆಬು. ಇಬ್ಬರ ಜಗಳದಾಗ ತುಳಿಸ್ಕೊಳ್ಳಾಕ ಹುಟ್ಟಿದವ. ಮುದಗಲ್ ಕೋಟಿನ ಕೇಳ್ರಿ, ಅದಕ್ಕ ಗೊತ್ತೈತಿ.

ಭಾನುವಾರದ ಘಟನೆಗೆ ಬರೋಣ. ನಿಜಕ್ಕೂ ಏನಾಯಿತು?

ಮೊದಲನೇ ಗಂಡಾಂತರ ಎಣ್ಣಿದು. ಅಂಗಡಿಗೆ ಹೋಗಿ ರೊಕ್ಕ ಕೊಡಾಕ ಮನಸ್ಸಿಲ್ಲ. ಅವರ ತಮ್ಮನ ಹೊಲದಾಗ ರೋಟಾವೇಟರಿಗೆ ಹಾಕಿ ಉಳಿದಿದ್ದ ‘ತೊಂಬತ್ತು ನಂಬರ್’ ಡಬ್ಬಿ ಇತ್ತು. ‘ಅಣ್ಣಾ, ಎಣ್ಣಿ ಎಣ್ಣಿನ, ಟ್ರ್ಯಾಕ್ಟರಿಗೆ ನಡೀತೈತಿ ಅಂದ್ರ ಕಾರಿಗೇನು ದೊಡ್ಡಸ್ತಿಕೆ?’ ಅಂದ ತಮ್ಮ. ನನಗ ಜೀವ ಬಾಯಿಗೆ ಬಂತು.

ಅದರಲ್ಲಿ ತಪ್ಪೇನು?

ನನಗ ಬೇಕಾದ್ದು 75ಡಬ್ಲ್ಯೂ-90, ಮತ್ತ ಜಿಎಲ್-4 ಅಂತ ಕಾರಿನ ಪುಸ್ತಕದಾಗ ಬರ್ದಾರ. ಆ ಡಬ್ಬಿ ಮ್ಯಾಲ ಜಿಎಲ್-5 ಇತ್ತು. ನಾಕಕ್ಕಿಂತ ಐದು ದೊಡ್ಡದು, ಹಂಗಂದ್ರ ಚಲೋದು ಅಂತ ನಮ್ಮ ಲೆಕ್ಕದ ಮಾಲಕ್ರ ಲೆಕ್ಕ. ಐದರಾಗ ಗಂಧಕ-ರಂಜಕದ ಮಸಾಲಿ ಜಾಸ್ತಿ. ದೊಡ್ಡ ಹಲ್ಲಿನ ಒರಟು ಗೇರಿಗೆ ಅದು ಬೇಕು. ನನ್ನೊಳಗ ಹಿತ್ತಾಳಿ ಉಂಗುರ ಅದಾವ, ಸಿಂಕ್ರೊನೈಸರ್ ಅಂತಾರ. ಬಿಸಿಯಾದಾಗ ಆ ಮಸಾಲಿ ಹಿತ್ತಾಳಿನ ತಿನ್ನತೈತಿ. ಮಸ್ಕಿ ಬೆಟ್ಟದ ಮ್ಯಾಲ ಎರಡು ಸಾವಿರ ವರ್ಷದ ಹಿಂದಿನ ಬ್ರಾಹ್ಮಿ ಅಕ್ಷರನ ಓದಿದ ಜನ ಇದು. ಹೋದ ವರ್ಷ ಅಚ್ಚಾದ ಡಬ್ಬಿ ಮ್ಯಾಲಿನ ಅಕ್ಷರ ಓದಾಕ ಕನ್ನಡಕ ಸಿಗವಲ್ದು! ಅವರ ಮಗಳು ಓದಿ ಹೇಳಿದ್ಲು, ನಾನು ಉಳಕೊಂಡೆ.

ಸಿಂಕ್ರೊನೈಸರ್ ಎಂದರೆ?

ಒಂದು ಗೇರು ಜೋರು ತಿರುಗ್ತಿರ್ತೈತಿ, ಇನ್ನೊಂದು ಮೆಲ್ಲಕ. ಎರಡನ್ನೂ ಒಂದೇ ವೇಗಕ್ಕ ತಂದು, ಆಮ್ಯಾಲ ಕೂಡಿಸೋ ಉಂಗುರ. ಅಮೆರಿಕಾದಾಗ 1928ರ ಹೊತ್ತಿಗೆ ಕ್ಯಾಡಿಲಾಕ್ ಕಾರಿನ್ಯಾಗ ಬಂತು. ಅದಕ್ಕೂ ಮೊದಲಿನ ಡ್ರೈವರ್‌ಗಳು ಎರಡು ಸಲ ಕ್ಲಚ್ ತುಳಿದು, ಕಿವಿಗೊಟ್ಟು ಕೇಳಿ ಗೇರ್ ಹಾಕ್ತಿದ್ರು. ವೇಗ ಹೊಂದಿಸದ ಕೂಡಿಸಿದ್ರ ಏನಾಗ್ತೈತಿ ಅಂತ ಮಸ್ಕಿ ಮತದಾರರ್ನ ಕೇಳ್ರಿ. ಅಲ್ಲಿನ ಶಾಸಕರು 2019ರಾಗ ಪಕ್ಷದ ಗೇರ್ ಬದಲಿಸಿದ್ರು, 2021ರ ಏಪ್ರಿಲ್ಲಿನ ಉಪಚುನಾವಣ್ಯಾಗ ಸೋತಾಗ ಹಲ್ಲು ಕಡಿದ ಸಪ್ಪಳ ಬೆಂಗಳೂರಿಗೂ ಕೇಳಿತು.

ರಾಜಕೀಯ ಬೇಡ. ಎಣ್ಣೆ ಇಳಿಸಿದ್ದು ಹೇಗೆ?

ಮೊದಲು ನಾಕಾರು ಕಿಲೋಮೀಟರ್ ಓಡಿಸಿಕೊಂಡು ಬಂದ್ರು. ಅದು ಸರಿ. ಸಿಂಧನೂರಿನ ಬ್ಯಾಸಿಗಿ ಬಿಸಿಲೇನೂ ಸಾಲಂಗಿಲ್ಲ. ಒಳಗಿನ ಎಣ್ಣಿ ಬಿಸಿಯಾಗಿ ತೆಳ್ಳಗಾದ್ರ ಹೊಲಸೆಲ್ಲಾ ಕೂಡಿ ಕೆಳಗ ಬರ್ತೈತಿ. ಆಮ್ಯಾಲ ಜಾಕಿ ಹಚ್ಚಿದ್ರು. ಜಾಕಿ ಮ್ಯಾಲಷ್ಟ ನಿಂದ್ರಿಸಿ ಕೆಳಗ ಹೊಕ್ಕಿದ್ರ ಇವತ್ತು ನೀವು ಬ್ಯಾರೆಯವ್ರ ಸಂದರ್ಶನ ಬರೀತಿದ್ರಿ, ಅದೂ ಶೋಕದ ಅಂಕಣದಾಗ. ಅವರ ಹೆಂಡ್ತಿ ಬೈದು ಸ್ಟ್ಯಾಂಡ್ ತರಿಸಿದ್ಲು.

ಆಮ್ಯಾಲ ಪಾನಾ ತಗೊಂಡು ಸೀದಾ ಕೆಳಗಿನ ಬೋಲ್ಟಿಗೆ ಕೈ ಹಾಕಿದ್ರು. ಇದನ್ನ ದಪ್ಪ ಅಕ್ಷರದಾಗ ಹಾಕ್ರಿ: ಮೊದಲು ಮ್ಯಾಲಿನ ತುಂಬೋ ಬೋಲ್ಟ್ ಸಡಿಲಾಗ್ತೈತೋ ಇಲ್ಲೋ ನೋಡ್ಬೇಕು. ಕೆಳಗಿಂದು ಬಿಚ್ಚಿ ಇದ್ದಬದ್ದ ಎಣ್ಣಿ ಚೆಲ್ಲಿ, ಆಮ್ಯಾಲ ಮ್ಯಾಲಿಂದು ತುಕ್ಕು ಹಿಡಿದು ಜಪ್ಪಯ್ಯ ಅಂದ್ರೂ ಬರಲಿಲ್ಲ ಅಂದ್ರ? ಗಾಡಿ ಗ್ಯಾರೇಜಿಗೆ ಓಡಿಸ್ಕೊಂಡೂ ಹೋಗಂಗಿಲ್ಲ, ಟ್ರ್ಯಾಕ್ಟರಿಗೆ ಕಟ್ಟಿ ಎಳಸ್ಕೊಂಡು ಹೋಗ್ಬೇಕು, ಓಣಿ ಮಂದಿ ಎಲ್ಲಾ ನೋಡ್ತಿರ್ಬೇಕಾದ್ರ. ಪುಣ್ಯಕ್ಕ ಎದುರುಮನಿ ಕಾಕಾ ಒಬ್ಬರು ಮಿಸ್ತ್ರಿ ಕೆಲಸ ಮಾಡಿ ಬಿಟ್ಟವರು, ಕಟ್ಟಿ ಮ್ಯಾಲ ಕುಂತು ಒದರಿದ್ರು.

ಚಿನ್ನದ ಪ್ರಕರಣ ಏನು? ಓಣಿಯಲ್ಲೆಲ್ಲ ಸುದ್ದಿಯಾಗಿದೆಯಂತೆ.

(ನಗು. ಗೇರ್‌ಬಾಕ್ಸ್ ನಕ್ಕರೆ ನ್ಯೂಟ್ರಲ್‌ನಲ್ಲಿ ಕೋಲು ಅಲ್ಲಾಡುತ್ತದೆ.) ಡಬ್ಬ್ಯಾಗ ಬಿದ್ದ ಎಣ್ಣಿ ಕರ್ರಗ ಇತ್ತು. ಬಿಸಿಲಿಗೆ ಹಿಡಿದ್ರ ಸಣ್ಣ ಸಣ್ಣ ಬಂಗಾರದ ಪುಡಿ ಮಿಂಚಿತು. ‘ಲಿಂಗಸುಗೂರು ತಾಲೂಕಿನ್ಯಾಗ ಓಡಾಡಿದ ಗಾಡಿ, ಹಟ್ಟಿ ಗಣಿ ಧೂಳು ಹೊಕ್ಕೈತಿ’ ಅಂದ ಒಬ್ಬ. ಇನ್ನೊಬ್ಬ ಅಕ್ಕಸಾಲಿಗನಿಗೆ ಫೋನ್ ಹಚ್ಚಿದ. ಅದು ಹಟ್ಟಿ ಚಿನ್ನ ಅಲ್ರಿ, ನನ್ನ ಹಿತ್ತಾಳಿ! ಸವೆದ ಉಂಗುರದ ಪುಡಿ. ಬೋಲ್ಟಿನ ತುದಿಗೆ ಅಯಸ್ಕಾಂತ ಇರ್ತೈತಿ, ಅದಕ್ಕ ಮೆತ್ತಿದ ಬೂದಿಬಣ್ಣದ ಕೆಸರು ಉಕ್ಕಿಂದು. ಅಷ್ಟು ಸಹಜ. ಚೂರು ಸಿಕ್ರ ಅಂಜಬೇಕು. ಹಿತ್ತಾಳಿನ ಅಯಸ್ಕಾಂತ ಹಿಡಿಯಂಗಿಲ್ಲ, ಅದು ಎಣ್ಣ್ಯಾಗ ತೇಲಾಡ್ತೈತಿ.

ನಮ್ಮ ಸೀಮ್ಯಾಗ ಇದು ಹಳೇ ಚಾಳಿ ಬಿಡ್ರಿ. 1915ರಾಗ ಬೀಡನ್ ಅನ್ನೋ ಗಣಿ ಎಂಜಿನಿಯರ್ ಚಿನ್ನ ಹುಡುಕ್ಕೊಂತ ಮಸ್ಕಿಗೆ ಬಂದ, ಅವನಿಗೆ ಸಿಕ್ಕಿದ್ದು ಬಂಡೆ ಮ್ಯಾಲಿನ ಶಾಸನದಾಗ ಅಶೋಕನ ಹೆಸರು. ಅಲ್ಲಿತನಕ ಸಿಕ್ಕ ಅವನ ಶಾಸನದಾಗ ಬರೀ ದೇವಾನಾಂಪ್ರಿಯ, ಪ್ರಿಯದರ್ಶಿ ಅಂತಿತ್ತು. ಅಂವ ಕಳಕೊಂಡಿದ್ದೇನೂ ಇಲ್ಲ. ನಮ್ಮ ಮಾಲಕ್ರು ಮಾತ್ರ ಎರಡು ತಾಸು ಎಣ್ಣಿ ಸೋಸಿದ್ರು.

ಹೊಸ ಎಣ್ಣೆ ಹಾಕುವಾಗ?

ತುಂಬೋ ತೂತು ಓರೆಯೊಳಗ ಐತಿ, ಡಬ್ಬಿ ಬಾಯಿ ಹೋಗಂಗಿಲ್ಲ. ಕಾಕಾ ಗೌಂಡಿಗಳ ಲೆವೆಲ್ ಪೈಪ್ ತರಿಸಿದ್ರು. ಬಾನೆಟ್ಟಿನಿಂದ ಪೈಪ್ ಇಳಿಬಿಟ್ಟು, ಮ್ಯಾಲ ಲಾಳಿಕಿ ಇಟ್ಟು ಸುರಿದ್ರು. ಎಣ್ಣಿ ಜೇನಿನಂಗ ಮಂದ, ಹನಿ ಹನಿಯಾಗಿ ಇಳೀತಿತ್ತು. ಅಷ್ಟ್ರಾಗ ಚಹಾ ಎರಡು ಸಲ ಆತು. ತೂತಿನ ಅಂಚಿಗೆ ಬಂದು ಹೊರಗ ಸೋರಿದ್ರ ತುಂಬಿತು ಅಂತ ಅರ್ಥ. ಆದ್ರ ಗಾಡಿ ಮುಂದ ಎತ್ತಿ, ಹಿಂದ ನೆಲಕ್ಕಿತ್ತು! ಓರೆ ನಿಂತ ಗಾಡಿಗೆ ಅಳತಿ ಎಲ್ಲಿಂದ ಬರ್ಬೇಕು? ಲೆವೆಲ್ ಪೈಪ್ ಕೈಯಾಗ ಹಿಡಕೊಂಡೇ ಲೆವೆಲ್ ಮರತಿದ್ರು. ಅದಕ್ಕ ನಾಕೂ ಕಡೆ ಸಮ ಎತ್ತಿ ಮತ್ತ ನೋಡಿದ್ರು. ಎರಡು ಲೀಟರಿನ ಆಸುಪಾಸು ಹಿಡೀತು. ಬೋಲ್ಟಿಗೆ ಹೊಸಾ ವಾಷರ್ ಹಾಕಿದ್ರು, ಪೈಲ್ವಾನಗಿರಿ ಮಾಡದ ಬಿಗಿದ್ರು. ನನ್ನ ಮೈ ಅಲ್ಯೂಮಿನಿಯಮ್ ರೀ, ಜಾಸ್ತಿ ತಿರುವಿದ್ರ ಮರೆ ಹೋಗ್ತೈತಿ.

ಒಂದು ಸಣ್ಣ ಎಣ್ಣೆಗೆ ಇಷ್ಟು ರಾಮಾಯಣವೇ ಎಂದು ಓದುಗರು ಕೇಳಬಹುದು.

ಸಿಂಧನೂರಿನ ಓದುಗರು ಕೇಳಂಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋತು. ಮೂವತ್ತಮೂರು ಗೇಟಿನ್ಯಾಗ ಒಂದು. ಕಡಿದಿದ್ದೇನು? ಚೈನಿನ ಕೊಂಡಿ. ಎಡದಂಡಿ ಕಾಲುವಿ ನೀರು ನೆಚ್ಚಿ ನಾಟಿ ಮಾಡಿದ ರೈತ ಅವತ್ತು ರಾತ್ರಿ ನಿದ್ದಿ ಮಾಡಲಿಲ್ಲ. ಒಂದು ವಾರ ಒದ್ದಾಡಿ, ಹರಿಯೋ ನೀರಿನ್ಯಾಗ ಸ್ಟಾಪ್‌ಲಾಗ್ ಅನ್ನೋ ತಾತ್ಕಾಲಿಕ ಗೇಟು ಇಳಿಸಿ ನೀರು ನಿಂದ್ರಿಸಿದ್ರು. ಅದಕ್ಕೂ ಮೊದಲು ಆ ಚೈನಿನ ಹೆಸರು ಯಾರ ಬಾಯಾಗರೆ ಇತ್ತೇನ್ರಿ? ಕಡಿದ ಮ್ಯಾಲ ಎಲ್ಲಾರೂ ಚೈನಿನ ಪಂಡಿತರಾದ್ರು. ಗಾಡಿಗೆ ನಿಂಬಿಹಣ್ಣು-ಮೆಣಸಿನಕಾಯಿ ಪ್ರತಿ ಶನಿವಾರ ಹೊಸಾದು ಬರ್ತೈತಿ, ಎಣ್ಣಿ ಮಾತ್ರ ಹಳೇದ ಇರ್ತೈತಿ.

ಇಳಿಸಿದ ಹಳೆ ಎಣ್ಣೆ ಎಲ್ಲಿ ಹೋಯಿತು?

ಅದರ ಮ್ಯಾಲ ದೊಡ್ಡ ಸಭಾ ನಡೀತು. ಒಬ್ಬ ಬಾಗಿಲಿನ ಗೆದ್ದಲಿಗೆ ಬಳೀತೀನಿ ಅಂದ, ಇನ್ನೊಬ್ಬ ಸೆಂಟ್ರಿಂಗ್ ಹಲಗಿಗೆ ಕೇಳಿದ. ತಮ್ಮ ಮಹಾಶಯ ‘ಕಾಲುವಿಗೆ ಚೆಲ್ಲಿಬಿಡ್ರಿ’ ಅಂದ, ಅದೇ ಕಾಲುವಿ ನೀರು ಕೆರಿಗೆ ತುಂಬಿ ತಮ್ಮ ಮನಿ ನಳಕ್ಕ ಬರ್ತೈತಿ ಅನ್ನೋದನ್ನ ಮರತು. ಕಾಯ್ದೆ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಕಡೀಕ ಹಳೇ ಡಬ್ಬಿಗೆ ತುಂಬಿ, ಸುಟ್ಟ ಎಣ್ಣಿ ಕೊಂಡು ಹೋಗೋರಿಗೆ ಕೊಡಾಕ ಗ್ಯಾರೇಜಿಗೆ ಒಯ್ದಿಟ್ರು. ಗ್ಯಾರೇಜಿನವ ಡಬ್ಬಿ ನೋಡಿದ, ಇವರ ಮುಖ ನೋಡಿದ, ‘ಮನ್ಯಾಗ ಮಾಡಿದ್ರೇನ್ರಿ ಸಾವ್ಕಾರ್ರ? ಎಷ್ಟು ಉಳೀತು?’ ಅಂದ. ಎಣ್ಣಿ, ವಾಷರ್, ಸ್ಟ್ಯಾಂಡು, ಪೈಪು, ಬಂದವರ ಚಹಾ-ಮಿರ್ಚಿ ಎಲ್ಲಾ ಕೂಡಿಸಿ ಮಾಲಕ್ರು ಲೆಕ್ಕ ಹಾಕಿದ್ರು. ಉತ್ತರ ಮಾತ್ರ ಹೇಳಲಿಲ್ಲ.

ಕೊನೆಯದಾಗಿ ಏನಾದರೂ ಹೇಳುತ್ತೀರಾ?

ನಂದೇನೂ ಇಲ್ರಿ. ಆದ್ರ ಮಾಲಕ್ರಿಗೆ ಕೈ ಪಳಗೈತಿ. ಬರೋ ಭಾನುವಾರ ಬ್ರೇಕ್ ಆಯಿಲ್ ಬದಲಾಯಿಸ್ತೀನಿ ಅಂತ ಓಣಿಗೆಲ್ಲಾ ಹೇಳ್ಯಾರ. ಅದರ ಸಂದರ್ಶನ ಶನಿವಾರನ ಮುಗಿಸ್ಕೊಂಡುಬಿಡ್ರಿ.