ಛೇದನಪೀಠ ಮೀಮಾಂಸೆ

ಶಾಸ್ತ್ರಗ್ರಂಥಕ್ಕೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನವೆಂಬ ನಾಲ್ಕು ಅನುಬಂಧಗಳಿರಬೇಕೆಂಬುದು ಹಿರಿಯರ ಮತ. ಅಧಿಕಾರಿ: ಬಡಗಿ ಕೇಳಿದ ಕೂಲಿಗೆ ಬೆಚ್ಚಿ ತಾನೇ ಕಟ್ಟರ್ ಮಷಿನ್ ಕೊಂಡುತಂದ ಗೃಹಸ್ಥ. ವಿಷಯ: 8 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಹಲಗೆ ಕೊಯ್ಯಲು ಬೇಕಾದ, ಅಗ್ಗದ, ಬಿಚ್ಚಿ ಎತ್ತಿಡಬಲ್ಲ ಮೇಜು. ಸಂಬಂಧ: ಹಲಗೆ ಮೇಲೆ, ಮೇಜು ಕೆಳಗೆ. ಪ್ರಯೋಜನ: ಹತ್ತು ಬೆರಳೂ ಸ್ವಸ್ಥಾನದಲ್ಲಿ ಉಳಿಯುವುದು.

ಪೂರ್ವಪಕ್ಷಗಳಲ್ಲಿ ಪ್ರಬಲವಾದದ್ದು ಕುರ್ಚಿವಾದ. ಎರಡು ಕುರ್ಚಿಗಳ ಮೇಲೆ ಹಲಗೆ ಹಾಸಿದರೆ ಸಾಕೆನ್ನುವ ಈ ಪಂಥ ಜಗದ್ವ್ಯಾಪಿ. ಲೋಟಸ್ ಎಲಾನ್ ಕಾರನ್ನು ರೂಪಿಸಿದ ರಾನ್ ಹಿಕ್‌ಮನ್ ಅಂಥವರೇ 1961ರಲ್ಲಿ ಬಟ್ಟೆಯ ಬೀರು ಮಾಡಲು ಕೂತು, ಹಲಗೆಯ ಜೊತೆಗೆ ಅಡಿಯಲ್ಲಿದ್ದ ದುಬಾರಿ ಸ್ವೀಡಿಷ್ ಕುರ್ಚಿಯನ್ನೂ ಕೊಯ್ದರು. ಆ ಪಶ್ಚಾತ್ತಾಪದಿಂದ ಹುಟ್ಟಿದ ಮಡಿಚುವ ಮೇಜನ್ನು 1973ರಿಂದ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ ‘ವರ್ಕ್‌ಮೇಟ್’ ಎಂಬ ಹೆಸರಿನಲ್ಲಿ ತಯಾರಿಸತೊಡಗಿತು. ನಮ್ಮ ಮನೆಗಳಲ್ಲಿ ಹುತಾತ್ಮವಾದ ಕುರ್ಚಿಗಳಿಂದ ಬೈಗುಳ ಬಿಟ್ಟು ಬೇರೇನೂ ಹುಟ್ಟಿಲ್ಲ.

ಕುರ್ಚಿ ಹೋದರೆ ಹೋಗಲಿ, ಈ ವಾದದ ನಿಜವಾದ ದೋಷ ಇನ್ನೂ ಸೂಕ್ಷ್ಮ. ಎರಡು ತುದಿಯಲ್ಲಷ್ಟೇ ಆಸರೆಯಿರುವ ಹಲಗೆಯನ್ನು ನಡುವೆ ಕೊಯ್ಯುತ್ತ ಹೋದಂತೆ ಅದು ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಸೀಳಿನ ಮೇಲ್ಬಾಯಿ ಮುಚ್ಚಿಕೊಂಡು ತಿರುಗುತ್ತಿರುವ ಬ್ಲೇಡನ್ನು ಕಚ್ಚುತ್ತದೆ. ಕಚ್ಚಿಸಿಕೊಂಡ ಮಷಿನ್ ಕೊಯ್ಯುವವನ ಕಡೆಗೇ ಒದೆಯುತ್ತದೆ. ಕೊಯ್ಯುವ ಮುನ್ನ ಅದ್ವೈತವಾಗಿದ್ದ ಹಲಗೆ ಕೊಯ್ದ ಮೇಲೆ ದ್ವೈತ. ಎರಡೂ ಅವಸ್ಥೆಗಳಲ್ಲಿ ಅದು ಅಲ್ಲಾಡದೆ ಮಲಗಿರಬೇಕು. ನೆಲಕ್ಕೆ ಥರ್ಮಕೋಲ್ ಹಾಸಿ ಕೊಯ್ಯುವವರ ಪಂಥ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಅವರ ಸೊಂಟದ ಪ್ರಶ್ನೆ ಆಯುರ್ವೇದಕ್ಕೆ ಸೇರಿದ್ದು.

ಇನ್ನು ಸಿದ್ಧಾಂತ. ಮೇಜು ತಾನೂ ಕೊಯ್ಸಿಕೊಳ್ಳಲು ಒಪ್ಪಬೇಕು. ಕಾಫಿ ತೋಟದಲ್ಲಿ ನೆರಳು ಕೊಟ್ಟು, ಮೆಣಸಿನ ಬಳ್ಳಿ ಹೊತ್ತು ನಿವೃತ್ತವಾದ ಸಿಲ್ವರ್ ಓಕ್ ಮರದ ರೀಪುಗಳು ಇದಕ್ಕೆ ಪ್ರಶಸ್ತ. ಮೂರಿಂಚು ಅಗಲ, ಒಂದಿಂಚು ದಪ್ಪ. ಏಳಡಿಯವು ಮೂರು ಉದ್ದಕ್ಕೆ, ಮೂರೂವರೆ ಅಡಿಯವು ಐದು ಅಡ್ಡಕ್ಕೆ, ಎಲ್ಲವೂ ಅಂಚಿನ ಮೇಲೆ ನಿಲ್ಲಬೇಕು. ಒಂದನ್ನೊಂದು ಹಾಯುವಲ್ಲೆಲ್ಲ ಉದ್ದದ ರೀಪಿಗೆ ಮೇಲಿನಿಂದ, ಅಡ್ಡದ್ದಕ್ಕೆ ಕೆಳಗಿನಿಂದ ಒಂದೂವರೆ ಇಂಚು ಆಳದ ಕಚ್ಚು ಹೊಡೆದು ಒಂದರೊಳಗೊಂದು ಕೂರಿಸುವುದು. ಅಂಟು ಹಾಕಿದರೆ ಬಿಚ್ಚಿ ಮಂಚದಡಿ ತಳ್ಳಲಾಗದು. ಮೊಳೆ ಹೊಡೆದರೆ ಬ್ಲೇಡು ಅದನ್ನು ಹುಡುಕಿಕೊಂಡೇ ಹೋಗುತ್ತದೆ. ಮಡಿಚುವ ಎರಡು ಸ್ಟ್ಯಾಂಡಿನ ಮೇಲೆ ಈ ಚೌಕಟ್ಟನ್ನಿಟ್ಟು, 19 ಮಿಲಿಮೀಟರ್ ಹಲಗೆಗೆ ಬ್ಲೇಡನ್ನು 24ಕ್ಕೆ ಇಳಿಸಿದರೆ ರೀಪಿಗಾಗುವ ಗಾಯ ಐದೇ ಮಿಲಿಮೀಟರ್. ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುವುದರಿಂದ ಮೈಕಾ ಅಂಟಿಸಿದ ಚೆಂದದ ಮುಖ ಕೆಳಗಿರಲಿ.

ಗಣಿತ ಪ್ರಕರಣ ಚಿಕ್ಕದು. 1220 ಮಿಲಿಮೀಟರ್ ಅಗಲವನ್ನು ಸರಿಪಾಲು ಮಾಡಿದರೆ ಸಿಗುವುದು 609, 609. ಉಳಿದ ಎರಡನ್ನು ಬ್ಲೇಡು ಪುಡಿ ಮಾಡಿ ಪಕ್ಕದ ಮನೆಯವರು ಒಣಹಾಕಿದ ಬಟ್ಟೆಯ ಮೇಲೆ ಹರಡಿರುತ್ತದೆ. ಮೂಲೆ ಮಟ್ಟಸವಾಗಿದೆಯೋ ಎಂದು ನೋಡಲು ಕರ್ಣ ಅಳೆಯುವುದೇ ದಾರಿ. ಬೌಧಾಯನರು ಯಜ್ಞವೇದಿಗಾಗಿ ಹಗ್ಗ ಹಿಡಿದು ಹೇಳಿದ್ದನ್ನು ನಾವು ಚಪ್ಪಲಿ ಸ್ಟ್ಯಾಂಡಿಗಾಗಿ ಟೇಪು ಹಿಡಿದು ಮಾಡುತ್ತೇವೆ.

ಕೊನೆಯದು ರಕ್ಷಾ ಪ್ರಕರಣ. ಬಿಚ್ಚಿಟ್ಟ ಛೇದನಪೀಠಕ್ಕೂ ಸೌದೆಗೂ ರೂಪಭೇದವಿಲ್ಲ. ಬಚ್ಚಲೊಲೆಯಿರುವ ಮನೆಗಳಲ್ಲಿ “ಯಾವುದೋ ಹಳೇ ರೀಪು ಬಿದ್ದಿತ್ತು ಕಣೋ, ನೀರು ಚೆನ್ನಾಗಿ ಕಾದಿದೆ, ಹೋಗಿ ಮಿಂದ್ಕೊಂಡು ಬಾ” ಎಂಬ ಅಜ್ಜಿವಾಕ್ಯ ಕೇಳಿಬರುವುದುಂಟು. ಆದ್ದರಿಂದ ಪ್ರತಿ ರೀಪಿನ ಮೇಲೂ “ಇದು ಸೌದೆಯಲ್ಲ” ಎಂದು ಬರೆಯತಕ್ಕದ್ದು. ಅಜ್ಜಿ ಕನ್ನಡಕ ಹಾಕಿಕೊಂಡು ಒಲೆ ಹಚ್ಚುವುದಿಲ್ಲವಲ್ಲ ಎಂಬ ಆಕ್ಷೇಪಕ್ಕೆ ಸಮಾಧಾನವೇನೆಂದರೆ, ಅಕ್ಷರ ದಪ್ಪಗಿರಲಿ, ಬಣ್ಣ ಕೆಂಪಗಿರಲಿ.